ಉಪ್ಪುಕಾಗದದ ಅಂಟಿನ ಕಥೆ

ಒಂದೇ ಬೆಳಿಗ್ಗೆ ನಾಲ್ಕು ಬೆಲ್ಟು ಹರಿದವು. ಮೊದಲನೆಯದು ಹರಿದಾಗ ನನ್ನ ಕೈಯದೇ ತಪ್ಪು ಎಂದುಕೊಂಡೆ. ಎರಡನೆಯದಕ್ಕೆ ಯಂತ್ರವನ್ನು ಬೈದೆ. ಮೂರನೆಯದು ಮರ ತಾಗುವ ಮೊದಲೇ, ಸುಮ್ಮನೆ ಸುತ್ತುತ್ತಿರುವಾಗಲೇ ‘ಫಟ್’ ಎಂದು ಬಿಚ್ಚಿಕೊಂಡು ಗೋಡೆಗೆ ಹೋಗಿ ಬಡಿಯಿತು. ನಾಲ್ಕನೆಯದೂ ಹಾಗೇ ಆದಮೇಲೆ ಪ್ಲಗ್ ಕಿತ್ತು ಮೆಟ್ಟಿಲ ಮೇಲೆ ಕೂತೆ.

ಯಂತ್ರ ನನ್ನ ಸೋದರಮಾವನದು. ಮೇಷ್ಟರಾಗಿ ನಿವೃತ್ತರಾದ ಮಾವ ಸಾಗರದ ಹತ್ತಿರದ ತಮ್ಮ ಮನೆಯಲ್ಲಿ, ದನವಿಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಮರಗೆಲಸದ ಜಾಗ ಮಾಡಿಕೊಂಡಿದ್ದರು. ಮಣೆ, ಸ್ಟೂಲು, ಪುಸ್ತಕದ ಕಪಾಟು, ಮಕ್ಕಳ ಬುಗುರಿ ಎಲ್ಲ ಅಲ್ಲಿಂದಲೇ ಬರುತ್ತಿದ್ದವು. ಅವರು ಹೋದ ಮೇಲೆ ಅತ್ತೆ, “ನೀನೇ ತಗೊಂಡು ಹೋಗು ಮಾರಾಯ, ಇಲ್ಲಿದ್ರೆ ತುಕ್ಕು ಹಿಡೀತದೆ” ಎಂದು ಮರ ಉಜ್ಜುವ ಯಂತ್ರವನ್ನೂ ಅದರ ಜೊತೆಗೊಂದು ತಗಡಿನ ಡಬ್ಬಿಯನ್ನೂ ಕೊಟ್ಟರು. ಡಬ್ಬಿಯಲ್ಲಿ 14 ಬೆಲ್ಟುಗಳಿದ್ದವು. 80, 120, 220 ಎಂದು ಮಾವನ ದುಂಡು ಅಕ್ಷರದ ಚೀಟಿಗಳು. ಜೊತೆಗೆ ಅವರು ಅರ್ಧಕ್ಕೆ ಬಿಟ್ಟಿದ್ದ, ಇನ್ನೂ ಒರಟಾಗಿದ್ದ ಹಲಸಿನ ಮರದ ಒಂದು ವ್ಯಾಸಪೀಠ. ಅದನ್ನು ಅವರ ಯಂತ್ರದಲ್ಲಿ, ಅವರ ಬೆಲ್ಟಿನಲ್ಲೇ ಉಜ್ಜಿ ಮುಗಿಸಬೇಕೆಂಬುದು ನನ್ನ ಹಟ.

ಪೇಟೆಯ ಹಾರ್ಡ್‌ವೇರ್ ಅಂಗಡಿಯವರಿಗೆ ಹರಿದ ಬೆಲ್ಟು ತೋರಿಸಿದೆ. ಅವರು ಕೈಗೂ ತೆಗೆದುಕೊಳ್ಳಲಿಲ್ಲ. “ಅಂಟು ಸತ್ತಿದೆ ಸಾರ್. ಬಿಸಾಕಿ, ಹೊಸದು ತಗೊಳ್ಳಿ” ಎಂದರು.

ಮನೆಗೆ ಬಂದು ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಹಾಸಿ ನೋಡಿದೆ. ಅವರ ಮಾತು ನಿಜವಾಗಿತ್ತು. ಬಟ್ಟೆ ಎಲ್ಲೂ ಸವೆದಿರಲಿಲ್ಲ. ಕಾಳುಗಳು ಬೆರಳಿಗೆ ಚುಚ್ಚುವಷ್ಟು ಚೂಪಾಗಿದ್ದವು. ನಾಲ್ಕೂ ಹರಿದದ್ದು ಒಂದೇ ಕಡೆ, ಉದ್ದನೆಯ ಪಟ್ಟಿಯ ಎರಡು ತುದಿಗಳನ್ನು ಸೇರಿಸಿ ಬಳೆ ಮಾಡಿದ ಸಂದಿನಲ್ಲಿ. ಒಂದು ಮೀಟರಿಗೆ ಹತ್ತಿರದ ಪಟ್ಟಿಯಲ್ಲಿ ಒಂದು ಬೆರಳಗಲದ ಅಂಟು ಕೈಕೊಟ್ಟಿತೆಂದು ಉಳಿದದ್ದೆಲ್ಲ ಕಸವಾಗಿತ್ತು. ಇದನ್ನು ಮತ್ತೆ ಅಂಟಿಸಲು ಆಗದೇ ಎಂದು ಹೊರಟವನು ಉಪ್ಪುಕಾಗದದ ಚರಿತ್ರೆಯನ್ನು ಓದತೊಡಗಿದೆ. ಓದುತ್ತ ಹೋದಂತೆ, ಆ ಚರಿತ್ರೆಯಲ್ಲಿ ಕಲ್ಲಿನ ಹೆಸರೇ ಎಲ್ಲೆಡೆ ದೊಡ್ಡದಾಗಿದ್ದರೂ ಮತ್ತೆ ಮತ್ತೆ ಕೈಕೊಟ್ಟದ್ದು, ಮತ್ತೆ ಮತ್ತೆ ಕೈಹಿಡಿದದ್ದು ಅಂಟು ಎಂದು ತೋರಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇನೆ.

ಮಲೆನಾಡಿನವರಿಗೆ ಗರಗತ್ತಿ ಮರ ಗೊತ್ತು. ಅತ್ತಿಯ ಜಾತಿಯದು. ಅದರ ಎಲೆಯ ಮೇಲೆ ಕೈಯಾಡಿಸಿದರೆ ಬೆಕ್ಕಿನ ನಾಲಿಗೆಯ ಹಾಗೆ ತರತರ ಎನ್ನುತ್ತದೆ. ಮರದ ಸಾಮಾನನ್ನೂ ದಂತವನ್ನೂ ನಯಗೊಳಿಸಲು ಈ ಎಲೆಯನ್ನು ಬಳಸುತ್ತಿದ್ದರು, ಪಾತ್ರೆ ತಿಕ್ಕುವುದಕ್ಕೂ ಆಗುತ್ತಿತ್ತು. ಜಪಾನಿನ ಕುಶಲಕರ್ಮಿಗಳು ‘ತೊಕುಸ’ ಎಂಬ, ಗಂಟುಗಂಟಾಗಿ ನೆಟ್ಟಗೆ ಬೆಳೆಯುವ ಒಂದು ಗಿಡದ ಕಾಂಡವನ್ನು ಬೇಯಿಸಿ ಒಣಗಿಸಿ ಇದೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಅದರ ಮೈಯಲ್ಲಿ ಮರಳಿನಲ್ಲಿರುವ ಸಿಲಿಕವೇ ಇದೆ. ಕಡಲ ತೀರದವರಿಗೆ ಶಾರ್ಕ್ ಮೀನಿನ ಒಣಚರ್ಮವಿತ್ತು. ಶಾರ್ಕಿನ ಚರ್ಮದ ಮೇಲಿರುವುದು ಹಲ್ಲಿನಂಥದೇ ರಚನೆಯ ಪುಟ್ಟ ಪುಟ್ಟ ಹುರುಪೆಗಳು.

ಎಲೆ, ಕಾಂಡ, ಚರ್ಮ ಈ ಮೂರರಲ್ಲೂ ಒರಟು ಬೇರೆ, ಹಾಳೆ ಬೇರೆ ಎಂದಿಲ್ಲ. ಒರಟು ಮೈಯಿಂದಲೇ ಹುಟ್ಟಿದ್ದು. ಹಾಗಾಗಿ ಅಲ್ಲಿ ಅಂಟಿನ ಪ್ರಶ್ನೆಯೇ ಏಳುವುದಿಲ್ಲ. ಇದನ್ನು ಮನುಷ್ಯ ತಾನೇ ಮಾಡಲು ಹೊರಟಾಗ ಪ್ರಶ್ನೆ ಎದ್ದಿತು. ಹದಿಮೂರನೆಯ ಶತಮಾನದ ಚೀನಾದಲ್ಲಿ ಪುಡಿಮಾಡಿದ ಚಿಪ್ಪು, ಬೀಜ, ಮರಳನ್ನು ಗಿಡದ ಗೋಂದಿನಿಂದ ತೊಗಲಿನ ಹಾಳೆಗೆ ಅಂಟಿಸುತ್ತಿದ್ದರೆಂಬುದನ್ನು ಉಪ್ಪುಕಾಗದದ ಮೊದಲ ದಾಖಲೆಯೆಂದು ಬರೆಯುತ್ತಾರೆ. ಕಾಳು, ಹಾಳೆ, ನಡುವೆ ಅಂಟು. ಇವತ್ತಿನ ಬೆಲ್ಟಿನಲ್ಲೂ ಇರುವುದು ಈ ಮೂರೇ.

ನಮ್ಮ ದೇಶದಲ್ಲಿ ಹಾಳೆಗಿಂತ ಮೊದಲು ಬೆಳೆದದ್ದು ಚಕ್ರ. ಸಾಣೆ ಎಂಬ ಮಾತು ಕನ್ನಡದಲ್ಲಿ ಗಾದೆಗೂ ಬೈಗುಳಕ್ಕೂ ಬುದ್ಧಿಗೂ ಕತ್ತಿಗೂ ಒದಗುತ್ತದೆ. ಆದರೆ ಸಾಣೆಯ ಚಕ್ರವನ್ನು ಮಾಡುತ್ತಿದ್ದುದು ಹೇಗೆ ಎಂದು ನಾನು ಯೋಚಿಸಿರಲೇ ಇಲ್ಲ. ಕುರುಂದದ ಕಲ್ಲನ್ನು ಕುಟ್ಟಿ ಪುಡಿಮಾಡಿ, ಕರಗಿಸಿದ ಅರಗಿನಲ್ಲಿ ಕಲಸಿ, ಬಿಲ್ಲೆಯಾಗಿ ಒತ್ತಿ ಆರಿಸಿದರೆ ಸಾಣೆ. ರತ್ನ ಕಡೆಯುವವರೂ ಕತ್ತಿ ಮಸೆಯುವವರೂ ಬಳಸುತ್ತಿದ್ದುದು ಇದನ್ನೇ. ಕಲ್ಲು ಎಷ್ಟೇ ಗಟ್ಟಿಯಿರಲಿ, ಅದನ್ನು ಹಿಡಿದಿಟ್ಟದ್ದು ಒಂದು ಪುಟ್ಟ ಹುಳು ಮರದ ಕೊಂಬೆಯ ಮೇಲೆ ಸ್ರವಿಸಿದ ರಾಳ. ಚನ್ನಪಟ್ಟಣದ ಬೊಂಬೆಗಳಿಗೆ ಹೊಳಪು ಕೊಡುವ ಅರಗೂ ಅದೇ.

ಈ ಕುರುಂದದ ಹೆಸರಿಗೊಂದು ಸ್ವಾರಸ್ಯದ ಪ್ರಯಾಣವಿದೆ. ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಎಂಬ ಮಾತುಗಳು ದಕ್ಷಿಣ ಭಾರತದ ಈ ಕಲ್ಲಿನ ಜೊತೆಗೇ ಹಡಗು ಹತ್ತಿದವು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬ ಇಂಗ್ಲಿಷ್ ಖನಿಜ ಸಂಗ್ರಾಹಕ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಕೊರಂಡಂ ಕಲ್ಲಿನ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ಕೊರಂಡಂ ವಿಜ್ಞಾನದ ಮಾತಾಯಿತು. ಮಾಣಿಕ್ಯ, ನೀಲ ಎರಡೂ ಕೊರಂಡಂ ಹರಳುಗಳೇ, ಬಣ್ಣ ಬೆರೆತವು. ಗಡಸುತನದ ಮೋಸ್ ಅಳತೆಯಲ್ಲಿ ವಜ್ರಕ್ಕೆ 10, ಕೊರಂಡಮ್ಮಿಗೆ 9. ನಮ್ಮ ರಾಜ್ಯದಲ್ಲೂ ಈ ಕಲ್ಲು ಸಿಗುತ್ತದೆ.

ಮುಂದೆ 1891ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವರ್ಡ್ ಅಚೆಸನ್ ಎಂಬಾತ ಒಂದು ಕಬ್ಬಿಣದ ಬೋಗುಣಿಯಲ್ಲಿ ಜೇಡಿಮಣ್ಣನ್ನೂ ಕೋಕ್ ಪುಡಿಯನ್ನೂ ಬೆರೆಸಿ, ಅದರೊಳಗೆ ಇಂಗಾಲದ ಕಡ್ಡಿ ನೆಟ್ಟು ಜೋರಾಗಿ ವಿದ್ಯುತ್ ಹರಿಸಿದ. ಕಡ್ಡಿಗೆ ಮಿನುಗುವ ಸಣ್ಣ ಹರಳುಗಳು ಅಂಟಿಕೊಂಡಿದ್ದವು. ಒಂದನ್ನು ಪೆನ್ಸಿಲ್ಲಿನ ತುದಿಗೆ ಕೂರಿಸಿ ಗಾಜಿನ ಮೇಲೆ ಎಳೆದರೆ ಗೀರು ಬಿತ್ತು. ಇದು ಕಾರ್ಬನ್ ಮತ್ತು ಕೊರಂಡಂ ಸೇರಿ ಆದದ್ದೆಂದು ಭಾವಿಸಿ ಅವನು ಕಾರ್ಬೊರಂಡಂ ಎಂದು ಹೆಸರಿಟ್ಟ. ಎಣಿಕೆ ತಪ್ಪಾಗಿತ್ತು. ಅದು ಸಿಲಿಕಾನ್ ಮತ್ತು ಕಾರ್ಬನ್ನಿನ ಸಂಯುಕ್ತ. ಹೆಸರು ಮಾತ್ರ ನಿಂತಿತು. 1893ರಲ್ಲಿ ಪೇಟೆಂಟ್ ಬಂತು, 1895ರಲ್ಲಿ ಅಗ್ಗದ ಜಲವಿದ್ಯುತ್ತಿಗಾಗಿ ಕಾರ್ಖಾನೆ ನಯಾಗರ ಜಲಪಾತದ ಬಳಿಗೆ ಹೋಯಿತು. 1954ರಲ್ಲಿ ಮುರುಗಪ್ಪ ಸಮೂಹವು ಒಂದು ಅಮೆರಿಕನ್ ಕಂಪನಿ ಮತ್ತು ಒಂದು ಬ್ರಿಟಿಷ್ ಕಂಪನಿಯ ಜೊತೆ ಸೇರಿ ಮದ್ರಾಸಿನಲ್ಲಿ ಕಾರ್ಬೊರಂಡಂ ಯೂನಿವರ್ಸಲ್ ಸ್ಥಾಪಿಸಿತು. ದಕ್ಷಿಣದಿಂದ ಹೊರಟ ಮಾತು ನೂರೈವತ್ತು ವರ್ಷಗಳ ಮೇಲೆ, ಅರ್ಧ ಹೊಸ ಮೈಯಲ್ಲಿ, ತನ್ನ ಊರಿನ ಕಡೆಗೇ ಮರಳಿ ಬಂದಂತಾಯಿತು. ಅರಗಿನಲ್ಲಿ ಕುರುಂದ ಕಲಸಿದ ಸಾಣೆಗಾರರ ಹೆಸರು ಯಾವ ಪೇಟೆಂಟಿನಲ್ಲೂ ಇಲ್ಲ.

ಕಲ್ಲಿನ ಕಥೆ ಹೀಗೆ ಮುಂದೆ ಮುಂದೆ ಓಡುತ್ತಿದ್ದಾಗ ಅಂಟು ಎಲ್ಲಿತ್ತು? ಬಹುಕಾಲ ಒಂದೇ ಕಡೆ ನಿಂತಿತ್ತು. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿಯ ಕಾಗದವನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ. ಮರುವರ್ಷ, 1834ರ ಜೂನ್ 14ರಂದು, ಅಮೆರಿಕದ ವರ್ಮಾಂಟ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನ ಐಸಾಕ್ ಫಿಶರ್‌ಗೆ ಉಪ್ಪುಕಾಗದದ ಪೇಟೆಂಟ್ ಸಿಕ್ಕಿತು. ಆ ಶತಮಾನದ ಉಪ್ಪುಕಾಗದವನ್ನೆಲ್ಲ ಹಿಡಿದಿದ್ದುದು ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದ ಅಂಟು. ನಮ್ಮ ಬಡಗಿಗಳೂ ಬಿಳಿ ಅಂಟು ಬರುವ ಮೊದಲು ಮರ ಕೂಡಿಸಲು ಇದನ್ನೇ ಕಾಯಿಸಿ ಹಚ್ಚುತ್ತಿದ್ದರು. ಅದಕ್ಕೆ ಅವರು ಇಟ್ಟ ಹೆಸರು ಮರವಜ್ರ. ಜಗತ್ತಿನ ಅತಿ ಗಡಸು ಕಲ್ಲಿನ ಹೆಸರನ್ನು ಅಂಟಿಗೆ ಕೊಟ್ಟವರಿಗೆ ಅದರ ಬೆಲೆ ಗೊತ್ತಿತ್ತು ಎಂದು ನನಗೆ ಅನಿಸುತ್ತದೆ.

ಈ ವಜ್ರಕ್ಕೆ ಒಂದೇ ಶತ್ರು, ನೀರು. ನೀರು ತಾಗಿದರೆ ಮೆತ್ತಗಾಗಿ ಕಾಳುಗಳನ್ನು ಬಿಟ್ಟುಕೊಡುತ್ತದೆ. ಮಳೆಗಾಲದ ಥಂಡಿ ಗಾಳಿಯೂ ಸಾಕು. ಹಾಗಾಗಿ ಏನನ್ನೇ ಉಜ್ಜಿದರೂ ಒಣಗಿದ್ದಾಗಲೇ ಉಜ್ಜಬೇಕಿತ್ತು, ಎದ್ದ ಧೂಳನ್ನು ಕೆಲಸಗಾರರು ಉಸಿರಾಡಬೇಕಿತ್ತು. ಮರಳಿನ, ಕಲ್ಲಿನ ನುಣ್ಣನೆಯ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಬಣ್ಣದಲ್ಲಿ ಸೀಸವಿದ್ದರೆ ಅದರ ವಿಷವೂ ಸೇರುತ್ತಿತ್ತು. ಅಂಟಿನ ಒಂದು ದೌರ್ಬಲ್ಯಕ್ಕೆ ಎಷ್ಟೋ ಜನ ತಮ್ಮ ಎದೆಯಲ್ಲಿ ಬೆಲೆ ತೆತ್ತಿದ್ದಾರೆ.

ಇದು ಬದಲಾದದ್ದು ಒಂದು ಸೋತ ಗಣಿ ಕಂಪನಿಯಿಂದ. 1902ರಲ್ಲಿ ಅಮೆರಿಕದ ಮಿನೆಸೋಟಾ ಸಂಸ್ಥಾನದ ಟೂ ಹಾರ್ಬರ್ಸ್ ಎಂಬ ಊರಿನಲ್ಲಿ ಐವರು ಸೇರಿ ಕೊರಂಡಂ ಅಗೆಯಲು ಮಿನೆಸೋಟಾ ಮೈನಿಂಗ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಎಂಬ ಕಂಪನಿ ಕಟ್ಟಿದರು. ಇಂದು ಜಗತ್ತು ಅದನ್ನು ತ್ರೀಎಂ ಎಂದು ಕರೆಯುತ್ತದೆ. ಅವರು ಅಗೆದದ್ದು ಕೊರಂಡಮ್ಮೇ ಆಗಿರಲಿಲ್ಲ. ಅದು ಅನಾರ್ತೊಸೈಟ್ ಎಂಬ ಮೆದು ಕಲ್ಲು. ಕಲ್ಲು ಕೈಕೊಟ್ಟ ಮೇಲೆ ಬೇರೆಡೆಯಿಂದ ಕಲ್ಲು ತರಿಸಿ ಉಪ್ಪುಕಾಗದ ಮಾಡುವುದೆಂದು 1905ರಲ್ಲಿ ಡುಲುತ್ ಪಟ್ಟಣಕ್ಕೂ, 1910ರಲ್ಲಿ ಸೇಂಟ್ ಪಾಲ್ ನಗರಕ್ಕೂ ಹೋದರು.

1914ರಲ್ಲಿ ಅವರ ಉಪ್ಪುಕಾಗದ ಎಲ್ಲ ಕಡೆಯಿಂದ ವಾಪಸು ಬರತೊಡಗಿತು. ಉಜ್ಜಲು ಹಿಡಿದರೆ ಕಾಳು ಉದುರುತ್ತಿತ್ತು. ಅಂಟು ಪರೀಕ್ಷಿಸಿದರು, ಸರಿಯಿತ್ತು. ಕಾಗದ ಪರೀಕ್ಷಿಸಿದರು, ಸರಿಯಿತ್ತು. ಕೊನೆಗೆ ನೀರಿಗೆ ಬಿದ್ದ ಒಂದಿಷ್ಟು ಕಾಳುಗಳಿಂದ ಮೇಲೆ ಎಣ್ಣೆಯ ಪದರ ತೇಲಿದ್ದು ಕಣ್ಣಿಗೆ ಬಿತ್ತು. ಆ ಗಾರ್ನೆಟ್ ಕಲ್ಲು ಬಂದದ್ದು ಸ್ಪೇನಿನಿಂದ, ಆಲಿವ್ ಎಣ್ಣೆಯ ಪೀಪಾಯಿಗಳಿದ್ದ ಹಡಗಿನಲ್ಲಿ. ಬಿರುಗಾಳಿಗೆ ಪೀಪಾಯಿಗಳು ಒಡೆದು ಎಣ್ಣೆ ಕಲ್ಲಿನ ಚೀಲಗಳಿಗೆ ಇಳಿದಿತ್ತು. ಎಣ್ಣೆ ಕುಡಿದ ಕಲ್ಲಿಗೆ ಅಂಟು ಹಿಡಿಯಲಿಲ್ಲ. ಕಾಳನ್ನು ಹುರಿದು ಎಣ್ಣೆ ಓಡಿಸಿದ ಮೇಲೆ ಸರಿಹೋಯಿತು. 1907ರಲ್ಲಿ ವಾರಕ್ಕೆ 11 ಡಾಲರ್ 55 ಸೆಂಟ್ ಸಂಬಳಕ್ಕೆ ಸಹಾಯಕ ಲೆಕ್ಕಿಗನಾಗಿ ಸೇರಿದ್ದ ವಿಲಿಯಂ ಮೆಕ್‌ನೈಟ್ ಆಗ ಕಂಪನಿಯ ಆಡಳಿತ ನೋಡಿಕೊಳ್ಳುತ್ತಿದ್ದ. ಪೆಟ್ಟು ತಿಂದ ಅವನು 1916ರಲ್ಲಿ 500 ಡಾಲರ್ ಖರ್ಚು ಮಾಡಿ ಕಪಾಟಿನಷ್ಟು ಜಾಗದಲ್ಲಿ ಒಂದು ಪ್ರಯೋಗಾಲಯ ಮಾಡಿಸಿದ.

ಇದಾದ ಕೆಲವು ವರ್ಷಕ್ಕೆ ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿಯಿಂದ ಒಂದು ಕಾಗದ ಬಂತು. ನೀವು ಬಳಸುವ ಪ್ರತಿಯೊಂದು ಅಳತೆಯ ಕಾಳಿನ ಮಾದರಿಯನ್ನೂ ಕಳಿಸಿಕೊಡಿ ಎಂದು ಕೇಳಿದ್ದ. ಲಂಡನ್ನಿನ ಓಕಿಗೂ ಇವನಿಗೂ ಸಂಬಂಧವಿಲ್ಲ. ಶಾಯಿ ಮಾಡುವವನಿಗೆ ಕಲ್ಲಿನ ಕಾಳು ಏಕೆ ಎಂದು ಮೆಕ್‌ನೈಟ್‌ಗೆ ಕುತೂಹಲವಾಯಿತು. ವಿಚಾರಿಸಿದರೆ ಆತ ನೀರಿಗೆ ಜಗ್ಗದ ಉಪ್ಪುಕಾಗದ ಕಂಡುಹಿಡಿದಿದ್ದ. ಕಂಪನಿ ಅದರ ಹಕ್ಕನ್ನೂ ಕೊಂಡಿತು, ಅವನನ್ನೂ ಕೆಲಸಕ್ಕೆ ಕರೆಯಿತು. 1921ರಲ್ಲಿ ವೆಟ್‌ಆರ್‌ಡ್ರೈ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಈಗ ನೀರು ಹಾಕಿಕೊಂಡು ಉಜ್ಜಬಹುದಿತ್ತು. ಧೂಳು ಏಳದೆ ಕೆಸರಾಗಿ ಇಳಿಯುತ್ತಿತ್ತು. ಕಾರಿಗೆ ಬಣ್ಣ ಹೊಡೆಯುವವರ ಕೆಲಸ ನುಣುಪಾಯಿತು ಎಂಬುದು ಜಾಹೀರಾತಿನ ಮಾತು. ಅವರ ಎದೆಗೆ ಇಳಿಯುವ ಧೂಳು ಕಡಿಮೆಯಾಯಿತು ಎಂಬುದು ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಮಾತು.

ಈ ಹೊಸ ಕಾಗದದ ಮಾದರಿಗಳನ್ನು ಸೇಂಟ್ ಪಾಲಿನ ಕಾರು ದುರಸ್ತಿ ಅಂಗಡಿಗಳಿಗೆ ಒಯ್ಯುತ್ತಿದ್ದವನು ರಿಚರ್ಡ್ ಡ್ರೂ ಎಂಬ ಹುಡುಗ. ಆಗ ಕಾರುಗಳಿಗೆ ಎರಡು ಬಣ್ಣ ಹೊಡೆಸುವ ಶೋಕಿ. ಎರಡು ಬಣ್ಣ ಸೇರುವ ಗೆರೆ ನೇರವಾಗಿರಲೆಂದು ಒಂದು ಭಾಗಕ್ಕೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ಆಮೇಲೆ ಕಾಗದ ಕಿತ್ತರೆ ಬಣ್ಣವೂ ಕಿತ್ತು ಬರುತ್ತಿತ್ತು. ಬಣ್ಣದವರ ಬೈಗುಳ ಕೇಳಿದ ಡ್ರೂ ಇದಕ್ಕೊಂದು ದಾರಿ ಹುಡುಕುತ್ತೇನೆಂದ. ಗಟ್ಟಿಯಾಗಿ ಹಿಡಿಯುವ ಅಂಟು ಎಲ್ಲರಿಗೂ ಗೊತ್ತಿತ್ತು. ಅವನಿಗೆ ಬೇಕಾದದ್ದು ಹಿಡಿಯುವಷ್ಟು ಹಿಡಿದು, ಬಿಡು ಎಂದಾಗ ಬಿಡುವ ಅಂಟು. ಮರಗೆಲಸದ ಅಂಟಿಗೆ ಗ್ಲಿಸರಿನ್ ಬೆರೆಸಿ, ನೆರಿಗೆ ಕಾಗದಕ್ಕೆ ಹಚ್ಚಿ, 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. 1930ರಲ್ಲಿ ಪಾರದರ್ಶಕ ಟೇಪೂ ಅವನಿಂದಲೇ ಬಂತು. ನಾವು ಹರಿದ ನೋಟಿಗೆ, ಹರಿದ ಪುಸ್ತಕಕ್ಕೆ ಹಚ್ಚುವ ಟೇಪು ಹುಟ್ಟಿದ್ದು ಉಪ್ಪುಕಾಗದ ಮಾರುವವರ ಮನೆಯಲ್ಲಿ.

ಬೆಲ್ಟಿನ ಕಥೆಗೂ ಇದೇ ಬೇಕು. ಅಮೆರಿಕದ ಪೋರ್ಟರ್ ಕೇಬಲ್ ಕಂಪನಿಯ ಎಂಜಿನಿಯರ್ ಆರ್ಟ್ ಎಮ್ಮನ್ಸ್ 1926ರಲ್ಲಿ ಕೈಯಲ್ಲಿ ಹಿಡಿದು ಓಡಿಸಬಹುದಾದ ವಿದ್ಯುತ್ ಬೆಲ್ಟು ಯಂತ್ರವನ್ನು ಮಾಡಿದ. ದೊಡ್ಡ ಕಾರ್ಖಾನೆಗಳಲ್ಲಷ್ಟೇ ಇದ್ದ ಬೆಲ್ಟು ಒಬ್ಬ ಬಡಗಿಯ ಕೈಗೂ, ಕೊನೆಗೆ ನಮ್ಮ ಮಾವನಂಥವರ ಕೊಟ್ಟಿಗೆಗೂ ಬಂದದ್ದು ಇಂಥ ಯಂತ್ರಗಳ ದಾರಿಯಲ್ಲಿ. ಅಷ್ಟರಲ್ಲಿ ಕಾಳು ಹಿಡಿಯುವ ಅಂಟು ಬದಲಾಗತೊಡಗಿತ್ತು. ಪ್ರಾಣಿಯ ಅಂಟಿನ ಜಾಗಕ್ಕೆ ಬೇಕಲೈಟಿನ ಕುಲದ ರಾಳಗಳು ಬಂದವು. ಇವು ಬಿಸಿಗೂ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ಇವತ್ತಿನ ಒಳ್ಳೆಯ ಬೆಲ್ಟಿನಲ್ಲಿ ಕಾಳು ಸುಲಭಕ್ಕೆ ಉದುರದು. ಹಳೆಯ ದೌರ್ಬಲ್ಯವೆಲ್ಲ ಹೋಗಿ ಕೂತದ್ದು ಒಂದೇ ಕಡೆ, ತುದಿ ತುದಿ ಸೇರುವ ಸಂದಿನಲ್ಲಿ.

ಆ ಸಂದಿನ ಪಾಡು ಎಂಥದೆಂದು ಲೆಕ್ಕ ಹಾಕಿ ನೋಡಿದೆ. ನಮ್ಮ ಬೆಲ್ಟಿನ ಸುತ್ತಳತೆ 36 ಇಂಚು, ಅಂದರೆ ಸುಮಾರು 915 ಮಿಲಿಮೀಟರ್. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಓಡಿದರೆ ಸಂದು ಸೆಕೆಂಡಿಗೆ ಹತ್ತು ಹನ್ನೊಂದು ಸಲ ಸುತ್ತು ಬರುತ್ತದೆ. ಪ್ರತಿ ಸುತ್ತಿಗೂ ಎರಡು ಉರುಳೆಗಳ ಮೇಲೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹತ್ತು ನಿಮಿಷ ಉಜ್ಜಿದರೆ ಹದಿಮೂರು ಸಾವಿರ ಸಲ ಬಾಗಿದಂತಾಯಿತು. ಮೇಲೆ ಮರ ಒತ್ತುತ್ತದೆ, ಕೆಳಗೆ ತಗಡು ಕಾಯುತ್ತದೆ. ಇಂಥ ಬೆಲ್ಟುಗಳನ್ನು ಹೆಚ್ಚು ಬಿಸಿಯೂ ಹೆಚ್ಚು ತೇವವೂ ಇಲ್ಲದ ಕಡೆ ಇಡಬೇಕು. ಮಾವನ ಡಬ್ಬಿ ಎಷ್ಟೋ ಮಳೆಗಾಲಗಳನ್ನು ಹಂಚಿನ ಕೆಳಗೆ, ಮಣ್ಣಿನ ಗೋಡೆಗೆ ಒರಗಿ ಕಳೆದಿತ್ತು. ಅಂಟು ಸಾಯದೆ ಇನ್ನೇನು ಮಾಡೀತು?

ಸಂದುಗಳಲ್ಲಿ ಎರಡು ಬಗೆ. ಒಂದರಲ್ಲಿ ಒಂದು ತುದಿಯ ಕಾಳು ಕೆರೆದು ಇನ್ನೊಂದು ತುದಿಯನ್ನು ಅದರ ಮೇಲೆ ಹೊದಿಸುತ್ತಾರೆ. ಹೊದ್ದ ಅಂಚು ಎದ್ದು ಸಿಕ್ಕಿಕೊಳ್ಳಬಾರದೆಂದು ಯಾವ ದಿಕ್ಕಿಗೆ ಓಡಬೇಕೆಂಬ ಬಾಣದ ಗುರುತನ್ನು ಬೆಲ್ಟಿನ ಒಳಮೈಗೆ ಅಚ್ಚು ಹಾಕಿರುತ್ತಾರೆ. ಇನ್ನೊಂದರಲ್ಲಿ ತುದಿಗೆ ತುದಿ ಮುಟ್ಟಿಸಿ ಹಿಂಬದಿಗೆ ತೆಳ್ಳನೆಯ, ಗಟ್ಟಿ ಟೇಪು ಹಚ್ಚುತ್ತಾರೆ. ಇದಕ್ಕೆ ದಿಕ್ಕಿನ ಹಂಗಿಲ್ಲ. ಎರಡರಲ್ಲೂ ಸಂದನ್ನು ಓರೆಯಾಗಿಯೇ ಕತ್ತರಿಸಿರುತ್ತಾರೆ. ನೇರ ಕತ್ತರಿಸಿದರೆ ಇಡೀ ಸಂದು ಒಂದೇ ಏಟಿಗೆ ಉರುಳೆಯ ಮೇಲೆ ಬಾಗಬೇಕು. ಓರೆಯಿದ್ದರೆ ಇಷ್ಟಿಷ್ಟೇ ಬಾಗುತ್ತ ದಾಟುತ್ತದೆ.

ನನ್ನ ಮೊದಲ ಪ್ರಯತ್ನ ಮರಕ್ಕೆ ಹಚ್ಚುವ ಬಿಳಿ ಅಂಟಿನದು. ರಾತ್ರಿಯೆಲ್ಲ ಒತ್ತಿಟ್ಟೆ. ಬೆಳಿಗ್ಗೆ ಎಳೆದು ನೋಡಿದರೆ ಗಟ್ಟಿಯಿತ್ತು. ಯಂತ್ರಕ್ಕೆ ಹಾಕಿ ಒಂದು ನಿಮಿಷಕ್ಕೆ ಬಿಸಿಯಾಯಿತು, ಅಂಟು ಮೆತ್ತಗಾಗಿ ಜಾರಿತು. ಎರಡನೆಯದು ಪೆಟ್ಟಿಗೆ ಕಟ್ಟುವ ಕಂದು ಟೇಪು. ಅದು ಮೊದಲ ಸುತ್ತಿಗೇ ಎದ್ದು ಬಂತು. ಆಗ ಸ್ಪೇನಿನ ಎಣ್ಣೆಯ ನೆನಪಾಯಿತು. ನಾನು ಹಿಂಬದಿಯನ್ನು ಒರೆಸಿಯೇ ಇರಲಿಲ್ಲ. ಹಳೆಯ ಅಂಟು, ಉರುಳೆಯ ಗ್ರೀಸು, ವರ್ಷಗಳ ಧೂಳು ಎಲ್ಲ ಅಲ್ಲೇ ಇತ್ತು.

ಮೂರನೆಯ ಸಲ ತಾಳ್ಮೆಯಿಂದ ಕೂತೆ. ತುದಿಗಳನ್ನು ಒಟ್ಟಿಗೆ ಹಿಡಿದು ಒಂದೇ ಓರೆಯಲ್ಲಿ ಚೂಪು ಬ್ಲೇಡಿನಿಂದ ಕತ್ತರಿಸಿದೆ. ಬೆಲ್ಟು ಒಂದಿಷ್ಟು ಗಿಡ್ಡವಾಯಿತು, ಯಂತ್ರದ ಬಿಗಿಯುವ ತಿರುಪು ಅಷ್ಟಕ್ಕೆ ಹೊಂದಿಕೊಂಡಿತು. ಹಿಂಬದಿಯನ್ನು ಕೆರೆದು, ಅಸಿಟೋನಿನಲ್ಲಿ ಒರೆಸಿ ಒಣಗಿಸಿದೆ. ಮುರಿದ ಕೊಡೆಯೊಂದರ ಬಟ್ಟೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ಟ್ಯೂಬು ಬೆರೆಸಿ ಹಚ್ಚುವ ಎಪಾಕ್ಸಿ ಅಂಟನ್ನು ತೆಳ್ಳಗೆ ಸವರಿ ಕೂರಿಸಿದೆ. ಮೇಲೆ ಕೆಳಗೆ ಎಣ್ಣೆ ಕಾಗದವಿಟ್ಟು, ಎರಡು ಹಲಗೆಗಳ ನಡುವೆ ಬಿಗಿದು ಒಂದಿಡೀ ದಿನ ಬಿಟ್ಟೆ. ಅಂಟು ದಪ್ಪವಾದರೆ ಬಾಗುವಾಗ ಬಿರಿಯುತ್ತದೆ, ಉಬ್ಬಿದ ಜಾಗ ಮರದ ಮೇಲೆ ಟಕಟಕ ಎಂದು ಗುರುತು ಬೀಳಿಸುತ್ತದೆ. ಆದ್ದರಿಂದ ತೆಳುವಿನ ಮೇಲೆಯೇ ಗಮನ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕು ಹಾಕಿ, ಬೆಲ್ಟು ಓಡುವ ದಾರಿಯಿಂದ ಪಕ್ಕಕ್ಕೆ ನಿಂತು, ಮೊದಲು ಖಾಲಿ ಓಡಿಸಿದೆ. ಒಂದು ನಿಮಿಷ, ಎರಡು ನಿಮಿಷ. ‘ಫಟ್’ ಎನ್ನಲಿಲ್ಲ.

14 ಬೆಲ್ಟುಗಳಲ್ಲಿ ಹೀಗೆ ಬದುಕಿದವು ಒಂಬತ್ತು. ಇವು ಹೊಸದರಷ್ಟು ಗಟ್ಟಿಯೇನಲ್ಲ. ಜೋರಾಗಿ ಒತ್ತುವ ಕೆಲಸಕ್ಕೆ ನಾನು ಇವನ್ನು ನಂಬುವುದಿಲ್ಲ, ಬೇರೆಯವರಿಗೂ ಕೊಡುವುದಿಲ್ಲ. ಬಟ್ಟೆಯೇ ಅಂಚಿನಿಂದ ಸೀಳಿದ್ದ ಐದನ್ನು ಅಂಟಿಸುವ ಗೋಜಿಗೆ ಹೋಗದೆ ಉದ್ದುದ್ದ ಸೀಳಿ ಇಟ್ಟೆ. ಕುರ್ಚಿಯ ಕಾಲಿಗೆ ಸುತ್ತಿ ಎರಡೂ ಕೈಯಲ್ಲಿ ಮೊಸರು ಕಡೆದ ಹಾಗೆ ಎಳೆದರೆ ಯಾವ ಯಂತ್ರವೂ ಕೊಡದ ನಯ ಬರುತ್ತದೆ. ಲೆಕ್ಕ ಹಾಕಿದರೆ ಇದು ಲಾಭದ ಬಾಬತ್ತೇ ಅಲ್ಲ. ಎಪಾಕ್ಸಿಗೆ, ಅಸಿಟೋನಿಗೆ ಕೊಟ್ಟ ದುಡ್ಡಿಗೆ ಒಂದೆರಡು ಹೊಸ ಬೆಲ್ಟು ಬರುತ್ತಿತ್ತು. ಕಳೆದ ದಿನಗಳನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅಂಗಡಿಯವರು ಹೇಳಿದ್ದು ವ್ಯವಹಾರದಲ್ಲಿ ಸರಿಯೇ.

ಆದರೆ ಬಿಸಾಕಿದ್ದರೆ ಇಷ್ಟನ್ನು ಓದುತ್ತಿರಲಿಲ್ಲ. ಚರಿತ್ರೆ ಬರೆಯುವಾಗಲೂ ನಾವು ಬಹುಪಾಲು ಕಾಳುಗಳನ್ನೇ ಎಣಿಸುತ್ತೇವೆ. ಕಣ್ಣಿಗೆ ಬೀಳುವುದು, ಹೊಳೆಯುವುದು, ಚುಚ್ಚುವುದು ಅವೇ. ಅರಗು ಕಾಯಿಸಿದವರು, ಚರ್ಮ ಬೇಯಿಸಿ ಅಂಟು ತೆಗೆದವರು, ವಾಪಸು ಬಂದ ಕಾಗದದ ಕಟ್ಟುಗಳ ಮುಂದೆ ಕೂತು ತಪ್ಪು ಹುಡುಕಿದವರು ಹಿಂಬದಿಗೆ ಉಳಿದುಬಿಡುತ್ತಾರೆ. ಹರಿದಾಗಷ್ಟೇ ಅವರ ನೆನಪು.

ವ್ಯಾಸಪೀಠ ಮುಗಿಯಿತು. ಮೊದಲು 80, ಆಮೇಲೆ 120, ಕೊನೆಗೆ 220. ಪ್ರತಿ ಬೆಲ್ಟು ಹಾಕುವಾಗಲೂ ಮಾವನ ಚೀಟಿ ನೋಡಿಯೇ ಹಾಕಿದೆ. ಉಜ್ಜಿದಂತೆ ಹಲಸಿನ ಹಳದಿ ಎದ್ದು ಬಂತು. ಕಡೆಗೆ ಎಣ್ಣೆ ಹಚ್ಚುವಾಗ ಅದರ ಸಂದನ್ನು ಗಮನಿಸಿದೆ. ಮಾವ ಒಂದೇ ಹಲಗೆಯನ್ನು ಎರಡೂ ಕಡೆಯಿಂದ ಅರ್ಧರ್ಧ ಸೀಳಿ, ನಡುವೆ ಬೆರಳು ಹೆಣೆದಂತೆ ಕೊರೆದಿದ್ದರು. ಬಿಚ್ಚಿದರೆ ಪೀಠ, ಮಡಿಸಿದರೆ ಮತ್ತೆ ಹಲಗೆ. ಮೊಳೆಯಿಲ್ಲ, ಅಂಟಿಲ್ಲ. ಗರಗತ್ತಿಯ ಎಲೆಯ ಹಾಗೆ ಎಲ್ಲ ಒಂದೇ ಮೈ.

ಅತ್ತೆಯ ಮನೆಗೆ ಒಯ್ದು ಕೊಟ್ಟೆ. ಅವರು ಅದರ ಮೇಲೆ ಕೈಯಾಡಿಸಿ, “ಇದನ್ನ ಅವರೇ ಮುಗಿಸಿದ ಹಾಗೆ ಉಂಟು” ಎಂದರು.